ಕರಡಿಯ ಅಸಲಿ ಹೆಸರು

ಒಂದು ಕಾಡಿನಲ್ಲಿ ಕರಡಿಯನ್ನು ಕರಡಿ ಅನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಹೆಸರು ಎತ್ತಿದರೆ ಬಂದೇಬಿಡುತ್ತದೆ ಅನ್ನುವ ಭಯ. ನಮ್ಮ ಕಡೆ ಕತ್ತಲಾದ ಮೇಲೆ ಹಾವನ್ನು ಹುಳ ಅನ್ನುವುದಿಲ್ಲವೇ, ಹಾಗೆ. ಅದು ದೂರದ ಬಡಗಣ ಸೀಮೆಯ ಹಿಮದ ಕಾಡು. ಅಲ್ಲಿ ಎಲ್ಲರೂ ಮೈಬಣ್ಣ ನೋಡಿ 'ಕಂದುಮಾವ' ಎನ್ನುತ್ತಿದ್ದರು. ಹಾಗೆ ಕರೆದು ಕರೆದು ಅಸಲಿ ಹೆಸರೇ ಕಾಡಿಗೆ ಮರೆತುಹೋಯಿತು. ಆ ಸೀಮೆಯ ಜರ್ಮನರು, ಡಚ್ಚರು, ಇಂಗ್ಲಿಷರು ಇವತ್ತಿಗೂ ಕರಡಿಯನ್ನು ಕರೆಯುವ ಹೆಸರಿಗೆ 'ಕಂದು ಬಣ್ಣದವನು' ಅಂತಲೇ ಮೂಲಾರ್ಥವಂತೆ. ನಮಗೇನು ಭಯ, ನಾವು ಕರಡಿ ಎಂದೇ ಹೇಳೋಣ.

ಆ ಕಾಡಿನ ಹೊಳೆಯಲ್ಲಿ ಒಂದು ನೀರುನಾಯಿ ಇತ್ತು. ಮನೆ ತುಂಬ ಮರಿಗಳು. ಚಳಿ ಬಿದ್ದು ಹೊಳೆ ಹೆಪ್ಪುಗಟ್ಟುತ್ತಿತ್ತು. ದಿನವಿಡೀ ಮುಳುಗಿದರೂ ಸಿಗುವುದು ಒಂದೋ ಎರಡೋ ಮೀನು. ಅದನ್ನೂ ನರಿ ಬಂದು ಕಿತ್ತುಕೊಳ್ಳುತ್ತಿತ್ತು.

ನರಿ ತನಗೆ ತಾನೇ ಚತುರಸಿಂಹ ಎಂದು ಹೆಸರಿಟ್ಟುಕೊಂಡಿತ್ತು. "ನೀರಕ್ಕಾ, ಕಂದುಮಾವನ ಅಸಲಿ ಹೆಸರು ಗೊತ್ತಿರೋದು ನನಗೊಬ್ಬನಿಗೇ. ಮೀನು ಕೊಡದಿದ್ದರೆ ಕೂಗಿಬಿಡ್ತೀನಿ. ಆಮೇಲೆ ನಿನ್ನ ಮರಿಗಳ ಗತಿ ನೀನೇ ನೋಡ್ಕೋ" ಎನ್ನುತ್ತಿತ್ತು. ಚಳಿಗಾಲದಲ್ಲಿ ಕರಡಿ ಗವಿಯಲ್ಲಿ ಮಲಗಿದರೆ ಗುಡುಗಿದರೂ ಏಳದು ಎಂದು ನರಿ ನಂಬಿತ್ತು.

ಒಂದು ಸಂಜೆ ಚಿಕ್ಕ ಮರಿ ಹಸಿವಿಗೆ ಅಳುವುದನ್ನೂ ನಿಲ್ಲಿಸಿತು. ನರಿ ಬಂದಾಗ ನೀರುನಾಯಿ ಮೀನಿನ ಮೇಲೆ ಕಾಲಿಟ್ಟು ನಿಂತಿತು.

"ಕೂಗೋ."

"ಏನಂದೆ?"

"ಕೂಗು ಅಂದೆ. ಮಾವ ತಿಂದರೂ ಸಾವು, ಹಸಿದರೂ ಸಾವು. ಮೀನು ಮಾತ್ರ ಇಲ್ಲ."

ಸುತ್ತಲೂ ಮೊಲ, ಕಾಗೆ, ಅಳಿಲು ಬಂದು ಸೇರಿದ್ದವು. ನರಿಗೆ ಮರ್ಯಾದೆಯ ಪ್ರಶ್ನೆ. ಬಂಡೆ ಹತ್ತಿ, ಬಾಯಿಗೆ ಬಂದದ್ದನ್ನು ಕೂಗಿತು: "ಗುಡುಗುಂಬಾ!"

ಯಾರೂ ಬರಲಿಲ್ಲ. ಕಾಗೆ ಗಂಟಲು ಸರಿಮಾಡಿಕೊಂಡಿತು. ನರಿ ಇನ್ನೂ ಜೋರಾಗಿ ಕೂಗಿತು. ಮರದ ಮೇಲಿನ ಹಿಮ ಉದುರುವ ಹಾಗೆ ಮತ್ತೆ ಮತ್ತೆ ಕೂಗಿತು. ಆಗ ಗವಿಯಿಂದ ಕರಡಿ ಹೊರಗೆ ಬಂತು.

ಎಲ್ಲರಿಗಿಂತ ಹೆಚ್ಚು ಬೆಚ್ಚಿದ್ದು ನರಿ. ಆದರೂ ಎದೆ ಉಬ್ಬಿಸಿತು. "ನೋಡಿದ್ರಾ? ಹೆಸರು ಹಿಡಿದು ಕರೆದೆ, ಬಂದ!"

ಕರಡಿ ಅದರ ಎದುರಿಗೇ ಕುಳಿತುಕೊಂಡಿತು. "ನನ್ನ ಹೆಸರು ನಿನಗೆ ಗೊತ್ತೇನಪ್ಪಾ? ಹೇಳುವ ಮುಂಚೆಯೇ ನಮ್ಮವ್ವ ತೀರಿಹೋದಳು. ನಿದ್ದೆಗಣ್ಣಲ್ಲಿ ಸರಿಯಾಗಿ ಕೇಳಲಿಲ್ಲ. ಇನ್ನೊಂದು ಸಲ ಹೇಳು."

ನರಿಗೆ ಭಯಕ್ಕೆ ನೆನಪೇ ಹಾರಿಹೋಗಿತ್ತು. "ಘರ್ಜು... ಘರ್ಜುಂಡ."

"ಆಗ ಗುಡುಗುಂಬ ಅಂದೆಯಲ್ಲೋ?" ಎಂದಿತು ನೀರುನಾಯಿ.

"ಅದೇ, ಅದೇ. ಪೂರ್ತಿ ಹೆಸರು ಗುಡ... ಗಡಬಂಡ."

"ಮೂರಾಯಿತು" ಎಂದಿತು ಕರಡಿ. ನೀರುನಾಯಿಯ ಕಡೆ ತಿರುಗಿತು. "ಈ ಹೆಸರಿಗೆ ಇವನು ಏನು ತಗೊಂಡ?"

"ಮೀನು, ಮಾವಾ. ನನ್ನ ಮರಿಗಳ ಮೀನು."

"ನನ್ನ ಹೆಸರಲ್ಲಿ ನಾನೇ ಒಂದು ಮೀನೂ ತಿಂದಿಲ್ಲ" ಎಂದಿತು ಕರಡಿ. "ಇನ್ನು ಮೇಲೆ ಇವನ ಹೆಸರನ್ನು ಈ ಕಾಡಲ್ಲಿ ಯಾರೂ ಎತ್ತಕೂಡದು." ಹಾಗೆಂದು ಪಂಜ ಬೀಸಿತು. ನರಿ ಹತ್ತಿರದ ಬಿಲಕ್ಕೆ ತಲೆ ತೂರಿಸಿತು. ಬಾಲ ಮಾತ್ರ ಹೊರಗೇ ಉಳಿಯಿತು. ಆ ಬಾಲಕ್ಕೆ ಏನಾಯಿತು ಅನ್ನುವುದನ್ನು ಮಕ್ಕಳ ಮುಂದೆ ಹೇಳುವುದು ಬೇಡ.

"ನನ್ನನ್ನು ಕಂದುಮಾವ ಅಂತಲೇ ಕರೀರಿ. ಮೆತ್ತಗೆ" ಎಂದು ಕರಡಿ ಮಲಗಲು ಹೋಯಿತು. ನೀರುನಾಯಿ ಮೀನು ಕಚ್ಚಿಕೊಂಡು ಮರಿಗಳ ಹತ್ತಿರ ಓಡಿತು.

ಅಂದಿನಿಂದ ನರಿಯನ್ನು ಎಲ್ಲರೂ 'ಬಾಲದವ' ಎಂದರು. ಈಗಲೂ ಆ ಬಡಗಣ ಸೀಮೆಯ ಜನರ ಮಾತುಗಳಲ್ಲಿ ನರಿಯ ಹೆಸರಿನ ಬೇರು ಹಿಡಿದು ಎಳೆದರೆ ಕೈಗೆ ಬರುವುದು ಬಾಲವೇ ಅಂತೆ.

ನೀತಿ: ಇನ್ನೊಬ್ಬರ ಹೆಸರು ಹೇಳಿ ಹೆದರಿಸಿ ಹೊಟ್ಟೆ ಹೊರೆಯುವವನು ಕಡೆಗೆ ತನ್ನ ಹೆಸರನ್ನೇ ಕಳೆದುಕೊಳ್ಳುತ್ತಾನೆ.