ಕೋವಿಗೆ ತಕ್ಕ ಸೈಲೆನ್ಸರ್

ಕೊಡಗಿನ ಒಂದು ಮನೆಯ ಗೋಡೆಯಲ್ಲಿ ತಲೆಮಾರುಗಳಿಂದ ತೂಗುತ್ತಿದ್ದ ಕೋವಿಗೆ ತನ್ನ ದನಿಯ ಮೇಲೆ ಬಲು ಅಭಿಮಾನ. ಮನೆಯ ಯಜಮಾನ, ಮುದುಕ ಉತ್ತಯ್ಯ, ಅದರ ಸದ್ದನ್ನು ತನ್ನ ಕಿವಿ ತಡೆಯದೆಂದು ಎರಡು ಸೈಲೆನ್ಸರ್ ತಂದು ಪಕ್ಕದಲ್ಲಿಟ್ಟ.

“ನನ್ನನ್ನು ಆರಿಸಿಕೊಳ್ಳಿ ಕೋವಿಯಜ್ಜ, ನಿಮ್ಮ ಸದ್ದನ್ನೆಲ್ಲ ನುಂಗಿಬಿಡುತ್ತೇನೆ,” ಎಂದಿತು ಉದ್ದನೆಯದು.

“ನಾನು ಹಗುರ. ನಿಮ್ಮ ಮೂತಿಗೆ ಭಾರವಾಗುವುದಿಲ್ಲ,” ಎಂದಿತು ಗಿಡ್ಡದು.

“ನನ್ನ ಕೆಲಸವೇನೆಂದು ಕೇಳದೆ ಅಳತೆ ಹಿಡಿಯುತ್ತೀರಲ್ಲ!” ಎಂದು ಕೋವಿ ಗದರಿತು.

ಉತ್ತಯ್ಯ ಉದ್ದನೆಯದನ್ನು ತೊಡಿಸುವಷ್ಟರಲ್ಲಿ ಒಳಗೆ ಸೊಸೆ ಹೆತ್ತಳು. ಮಗು ಹುಟ್ಟಿದರೆ ಆಕಾಶಕ್ಕೆ ಗುಂಡು ಹಾರಿಸಿ ಊರಿಗೆ ತಿಳಿಸುವುದು ಆ ಮನೆಯ ಪದ್ಧತಿ. ಮುದುಕ ಅಂಗಳಕ್ಕೋಡಿ ಗುಂಡು ಹಾರಿಸಿದ. ಯಾರೋ ಕೆಮ್ಮಿದಂತಾಯಿತು. ಉದ್ದನೆಯದನ್ನು ಕಿತ್ತೆಸೆದು ಗಿಡ್ಡದನ್ನು ತೊಡಿಸಿ ಹಾರಿಸಿದ. ಮನೆಯ ನಾಯಿ ಮಾತ್ರ ಕಿವಿ ನಿಮಿರಿಸಿತು. ಸಿಟ್ಟಿನಿಂದ ಅದನ್ನೂ ಕಿತ್ತೆಸೆದ.

ಈಗ ಕೋವಿ ಬರಿಮೂತಿಯಲ್ಲಿ ಗುಡುಗಿತು. ಎದುರು ಬೆಟ್ಟ ಮಾರ್ದನಿಗೊಟ್ಟಿತು. ನೆಂಟರಿಷ್ಟರೆಲ್ಲ ಕೇಕೆ ಹಾಕುತ್ತ ಗದ್ದೆಯ ಬದುವಿನ ಮೇಲೆ ಓಡೋಡಿ ಬಂದರು.

“ಈಗ ಹೇಳಿ, ನಿಮ್ಮಲ್ಲಿ ನನಗೆ ತಕ್ಕವರು ಯಾರು?” ಎಂದು ಕೋವಿ ಎದೆಯುಬ್ಬಿಸಿ ಕೇಳಿತು.

ನೆಲದ ಮೇಲೆ ಬಿದ್ದಿದ್ದ ಸೈಲೆನ್ಸರ್‌ಗಳು ಏನೋ ಹೇಳಿದವು. ಆ ಸಂಭ್ರಮದಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.