ಪೆನ್ಸಿಲ್ ಬಳಿಯದ ಜಾಗ

ಹೃದಯದ ಸ್ಕ್ಯಾನ್ ಓದುವುದನ್ನು ಕಲಿಸುತ್ತಿದ್ದ ವೃಷಭೇಂದ್ರ ಡಾಕ್ಟರಿಗೆ ಒಂದು ಹಟವಿತ್ತು. ಚಿತ್ರದಲ್ಲಿ ಏನಿದೆ ಎಂದು ಹೇಳುವ ಮೊದಲು ಶಿಷ್ಯರು ಅದನ್ನು ಕಾಗದದ ಮೇಲೆ ಬಿಡಿಸಬೇಕು, ಕಾಣದ ಜಾಗಕ್ಕೆಲ್ಲ ಪೆನ್ಸಿಲ್ ಬಳಿಯಬೇಕು.

ಶಿಷ್ಯೆ ಸಬೀಹಾಗೆ ಅದು ಮುದುಕರ ಗೀಳು ಅನ್ನಿಸುತ್ತಿತ್ತು. ಇಷ್ಟು ಒಳ್ಳೆಯ ಯಂತ್ರ ಇರುವಾಗ ಪೆನ್ಸಿಲ್ ಯಾಕೆ?

ಗುರುಗಳು ರಜೆಯಲ್ಲಿದ್ದ ದಿನ ದರ್ಜಿ ಫಕ್ಕೀರಪ್ಪ ಬಂದ. ಎರಡು ತಿಂಗಳ ಹಿಂದೆ ಹೃದಯದಿಂದ ಹೊರಡುವ ಅವನ ಮಹಾಧಮನಿಯ ಬುಡಕ್ಕೆ ಹೊಸ ಕೊಳವೆ, ಲೋಹದ ಕವಾಟ ಹಾಕಿದ್ದರು. ಈಗ ಬಿಡದ ಜ್ವರ.

ಸಬೀಹಾ ಎದೆಯ ಮೇಲಿಂದ ಎಕೋ ಮಾಡಿದಳು. ಚಿತ್ರ ಬಿಡಿಸದೆಯೇ "ಸೋಂಕಿಲ್ಲ" ಎಂದು ಬರೆದಳು. ಬರೆಯಲು ಅರ್ಧ ನಿಮಿಷವೂ ಬೇಕಾಗಲಿಲ್ಲ.

"ಜೀವಕ್ಕ ಸಮಾಧಾನ ಆತ್ರೀ ಮೇಡಂ," ಎಂದಳು ಫಕ್ಕೀರಪ್ಪನ ಹೆಂಡತಿ ಶಾಂತವ್ವ. ಗಂಡನ ಕೈ ಹಿಡಿದುಕೊಂಡು ಮನೆಗೆ ಹೋದಳು.

ಹನ್ನೊಂದನೆಯ ದಿನ ಅವನನ್ನು ಸ್ಟ್ರೆಚರಿನಲ್ಲಿ ತಂದರು. ಸಿ.ಟಿ. ಸ್ಕ್ಯಾನ್ ಮಾಡಿದಾಗ ಕವಾಟದ ಹಿಂದೆ ಕೀವು ತುಂಬಿತ್ತು, ಕೊಳವೆಯ ಹೊಲಿಗೆ ಬಿಟ್ಟುಕೊಂಡಿತ್ತು. ಮತ್ತೆ ಎದೆ ತೆರೆದರು. ಫಕ್ಕೀರಪ್ಪ ಆಪರೇಷನ್ ಟೇಬಲ್ಲಿನ ಮೇಲೆಯೇ ತೀರಿಕೊಂಡ.

ಗುರುಗಳು ಬಯ್ಯಲಿಲ್ಲ. ಬೈದಿದ್ದರೆ ಸಬೀಹಾಗೆ ಎಷ್ಟೋ ವಾಸಿಯಾಗುತ್ತಿತ್ತು. ಅವರು ಹನ್ನೊಂದು ದಿನದ ಹಿಂದಿನ ಎಕೋ ಚಿತ್ರವನ್ನು ಪರದೆಗೆ ತಂದು, ಕಾಗದ ಪೆನ್ಸಿಲ್ ಮುಂದಿಟ್ಟರು.

"ಈಗ ಬಳಿ."

ಲೋಹದ ಕವಾಟ ಎಕೋದ ಅಲೆಗಳನ್ನು ತಡೆದು ನೆರಳು ಬಿದ್ದ ಕಡೆಯೆಲ್ಲ ಅವಳು ಪೆನ್ಸಿಲ್ ಆಡಿಸಿದಳು. ಕವಾಟದ ಹಿಂಭಾಗ ಪೂರ್ತಿ ಕಪ್ಪಾಯಿತು.

"ಈ ಕಪ್ಪಿನಲ್ಲಿ ಏನಿದೆ?"

"ಕಾಣ್ತಿಲ್ಲ ಸರ್."

"ಅವತ್ತು ಏನು ಬರೆದೆ?"

"ಸೋಂಕಿಲ್ಲ ಅಂತ."

"ಕಾಣ್ತಿಲ್ಲ ಅಂತ ಬರೆದಿದ್ದರೆ?"

"ಗಂಟಲೊಳಗಿಂದ, ಹೃದಯದ ಹಿಂದಿನ ಕಡೆಯಿಂದ ಎಕೋ ಮಾಡ್ತಿದ್ವಿ. ಸಿ.ಟಿ. ಅವತ್ತೇ ಮಾಡ್ತಿದ್ವಿ." ಅವಳು ಪೆನ್ಸಿಲ್ ಕೆಳಗಿಟ್ಟಳು. "ಆಗ ಅವರು ಉಳೀತಿದ್ರಾ ಸರ್?"

ಗುರುಗಳು ಕಾಗದದ ಕಪ್ಪಿನ ಮೇಲೆ ಬೆರಳಿಟ್ಟರು.

"ಅದು ನನಗೂ ಕಾಣದ ಜಾಗ."

ಹೊರಗಿನ ಬೆಂಚಿನ ಮೇಲೆ ಶಾಂತವ್ವ ಕೂತಿದ್ದಳು. ಅಳು ಮುಗಿದಿತ್ತು. ಗಂಡನ ಚಪ್ಪಲಿ ಅವಳ ಮಡಿಲಲ್ಲಿದ್ದವು.

ಬಾಗಿಲ ಸಂದಿಯಿಂದ ನೋಡಿದ ಸಬೀಹಾಗೆ ಹೆದರಿಕೆಯಾಯಿತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು.

"ಕೀವು ಯಾಕೆ ಮೊದಲೇ ಗೊತ್ತಾಗಲಿಲ್ಲ ಅಂತ ಅವರು ಕೇಳ್ತಿದ್ದಾರೆ ಸರ್. ಏನು ಹೇಳಲಿ?"

ಗುರುಗಳು ಕಾಗದವನ್ನು ಅವಳ ಕೈಗೆ ಕೊಟ್ಟು, ತಾವೇ ಬಾಗಿಲು ತೆರೆದು ಹಿಡಿದರು.

"ಅವತ್ತು ಹೇಳಬೇಕಾಗಿದ್ದನ್ನ ಇವತ್ತು ಹೇಳು."