ಪೋಸ್ಟರಿನ ಕೆಳಗಿನ ನಲ್ಲಿ

ಅದು ಎಂದಿನಂಥದೇ ಒಂದು ಮಂಗಳವಾರ. ಜನರ ವರ್ತನೆ ಬದಲಾಯಿಸುವ ವಿಜ್ಞಾನದಲ್ಲಿ ಎಂ.ಎಸ್ಸಿ. ಓದುತ್ತಿದ್ದ ಹುಲಿಗೆಮ್ಮ ವಾಂತಿಭೇದಿಯಿಂದ ಮಗು ಸತ್ತ ಕೇರಿಯ ಬಗ್ಗೆ ಬರೆದ ವರದಿಯನ್ನು ಪ್ರೊಫೆಸರ್ ಸಾಂಬಯ್ಯ ಪಕ್ಕಕ್ಕೆಸೆದರು.

“ನಲ್ಲಿ ಇಲ್ಲ ಅಂತ ಬರೀಬೇಡ. ಆ ಜನಕ್ಕೆ ಕೈ ತೊಳೆಯೋ ಬುದ್ಧಿ ಇಲ್ಲ ಅಂತ ಬರಿ. ಪೋಸ್ಟರ್ ಅಂಟಿಸು, ಬದಲಾಗ್ತಾರೆ. ಇಲ್ಲದಿದ್ರೆ ನೀನು ಫೇಲು.”

ಅವಳಿಗೆ ಮೈಯೆಲ್ಲ ಉರಿಯಿತು. ವರದಿ ಎತ್ತಿಕೊಂಡು ಹೊರಬಂದಳು.

ಮಧ್ಯಾಹ್ನ ಸಾಂಬಯ್ಯ ಸಾರನ್ನ ಉಂಡೆದ್ದು ಕೈ ತೊಳೆಯಲು ವಿಭಾಗದ ನಲ್ಲಿ ತಿರುಗಿಸಿದರು. ನೀರಿಲ್ಲ. ಮೇಲೊಂದು ಪೋಸ್ಟರ್ ಇತ್ತು: ‘ತಪ್ಪದೆ ಕೈ ತೊಳೆಯಿರಿ.’

“ಯಾರದಿದು ಕೆಲಸ?”

“ನಂದೇ ಸರ್. ನೀರು ನಿಲ್ಸಿದ್ದೂ ನಾನೇ,” ಎಂದಳು ಬಾಗಿಲಲ್ಲಿ ನಿಂತಿದ್ದ ಹುಲಿಗೆಮ್ಮ. “ಇನ್ನೊಂದ್ಸಲ ಓದಿ, ಬದಲಾಗ್ತೀರಿ.”

“ನೀರೇ ಇಲ್ದೆ ಪೋಸ್ಟರ್ ಇಟ್ಕೊಂಡು ಏನ್ ಮಾಡ್ಲಿ?”

“ವರದಿಯಲ್ಲಿ ನಾನು ಬರೆದದ್ದೂ ಅದೇ ಸರ್.”

ಸಾಂಬಯ್ಯನವರ ಬೆರಳುಗಳಿಗೆ ಅನ್ನದ ಅಗುಳು ಒಣಗಿ ಅಂಟಿತ್ತು.